ತೂತಿಲ್ಲದ ಕಾರು

ವೇಸಾ ಕಾರಿನ ಬಾಗಿಲ ಕೆಳಗಿನ ತಗಡಿಗೆ ಸ್ಕ್ರೂಡ್ರೈವರನ್ನು ಮೆಲ್ಲಗೆ ಒತ್ತಿದ. ಅದು ಹಿಡಿಯವರೆಗೂ ಒಳಗಿಳಿಯಿತು.

"ಕೇಕ್ ಚೆನ್ನಾಗಿ ಬೆಂದಿದೆ," ಅಂದ.

ಐಲಾಗೆ ಮೈಯೆಲ್ಲ ಉರಿಯಿತು. ಸೊತ್ಕಮೊ ಊರಿನ ವಾಹನ ತಪಾಸಣಾ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಜನರ ಕಾರುಗಳನ್ನು ಚುಚ್ಚುತ್ತ ನಿಂತಿದ್ದ ಈ ಮನುಷ್ಯನನ್ನು ಊರಲ್ಲಿ ಯಾರಿಗೂ ಕಂಡರಾಗುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಅವಳ ಕಾರನ್ನು ಇನ್ನು ರಸ್ತೆಗಿಳಿಸುವಂತಿಲ್ಲ ಎಂದು ಬರೆದುಕೊಟ್ಟವನೂ ಇವನೇ.

"ಇದು ನನ್ನದಲ್ಲ. ಕೊಳ್ಳೋ ಮುಂಚೆ ತೋರಿಸೋಣ ಅಂತ ತಂದೆ."

"ಪರವಾಗಿಲ್ಲ, ಸ್ವಲ್ಪ ಬುದ್ಧಿ ಬಂದಿದೆ."

"ಎಷ್ಟು ಹೊಳೀತಿದೆ ನೋಡಿ! ದಂತವೈದ್ಯರ ಕಾರು."

"ಹಲ್ಲು ಚೆನ್ನಾಗಿದೆ, ವಸಡು ಕೊಳೆತಿದೆ. ಕೆಳಗೆ ಮೊನ್ನೆ ತಾನೇ ಕಪ್ಪು ಬಣ್ಣ ಬಳಿದಿದಾರೆ, ತುಕ್ಕು ಕಾಣದ ಹಾಗೆ. ಇಷ್ಟು ಹಳೇ ಕಾರಿನ ತಳ ಇಷ್ಟು ಕಪ್ಪಗಿದ್ರೆ ಅಲ್ಲಿಂದ ಓಡಬೇಕು."

"ಜನರ ಕಾರು ಚುಚ್ಚೋಕೆ ನಿಮಗೆ ತುಂಬಾ ಖುಷಿ ಅಲ್ವಾ?"

ಅವನು ನಿಜಕ್ಕೂ ಯೋಚಿಸಿದ. "ಮಂಗಳವಾರ ಅಷ್ಟು ಇರಲ್ಲ."

ಅಂದು ಮಂಗಳವಾರ.

ಐಲಾಗೆ ಕಾರು ಬೇಕಾಗಿದ್ದುದು ಮೆರೆಯುವುದಕ್ಕಲ್ಲ. ನಲವತ್ತು ಕಿಲೋಮೀಟರ್ ದೂರದ ಕಯಾನಿಯ ಆಸ್ಪತ್ರೆಯಲ್ಲಿ ಅವಳು ಡಯಾಲಿಸಿಸ್ ನರ್ಸ್. ಬೆಳಿಗ್ಗೆ ಆರೂವರೆಗೆ ಮೊದಲ ಕುರ್ಚಿಯಲ್ಲಿ ಎಯ್ನೋ ಎಂಬ ಅಜ್ಜ ತೋಳು ಚಾಚಿ ಕೂತಿರುತ್ತಿದ್ದರು. ಅವರ ರಕ್ತನಾಳ ಒಂದೇ ಚುಚ್ಚಿಗೆ ಸಿಗುತ್ತಿದ್ದುದು ಐಲಾಗೆ ಮಾತ್ರ. ಅವಳು ತಡವಾದ ದಿನ ಬೇರೆಯವರು ನಾಲ್ಕು ಸಲ ಚುಚ್ಚಿ, ಅಜ್ಜನ ತೋಳು ನೀಲಿಗಟ್ಟುತ್ತಿತ್ತು. ಇಷ್ಟು ದಿನ ರಜೆಯಲ್ಲಿದ್ದ ಅಕ್ಕ ರೈಲಿಯ ಕಾರಿನಲ್ಲಿ ಹೋಗಿಬರುತ್ತಿದ್ದಳು. ಸೋಮವಾರದಿಂದ ಅಕ್ಕನೂ ಕೆಲಸಕ್ಕೆ ಹೊರಡುವವಳು.

ಹೊಳಪನ್ನು ನಂಬಬಾರದೆಂದು ಅವಳಿಗೆ ಮೊದಲೇ ಗೊತ್ತಿರಬೇಕಿತ್ತು. ಗಂಡನಾಗಿದ್ದ ಯುಕ್ಕಾ ಬಣ್ಣ ನೋಡಿ ಕಾರು ಕೊಳ್ಳುವ ಗಂಡಸು. ಅವನ ಕೆಂಪು ಕಾರು ಚಳಿಗಾಲವಿಡೀ ಅವಳನ್ನು ದಾರಿಯಲ್ಲಿ ಕೂರಿಸಿತ್ತು. ಕೊನೆಗೆ ಅದೇ ಕಾರಿನಲ್ಲಿ ಅವನು ಬೇರೊಬ್ಬಳ ಜೊತೆ ಹೊರಟುಹೋದ. ಅವತ್ತು ಮಾತ್ರ ಅದು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಬುಧವಾರ ಎರಡನೆಯ ಕಾರು ತಂದಳು. ಅವಳಿಗಿಂತ ಮುಂದೆ ಒಬ್ಬ ರೈತನ ಕಾರು ನಿಂತಿತ್ತು. ಅದರ ಮೂತಿಯಿಂದ ಹರಿದ ಕೇಬಲ್ ನೇತಾಡುತ್ತಿತ್ತು. ಎಂಜಿನ್ ಬೆಚ್ಚಗಿಡಲು ಕಾರನ್ನು ಅಂಗಳದ ಕರೆಂಟು ಕಂಬಕ್ಕೆ ಸಿಕ್ಕಿಸಿಟ್ಟು, ಬೆಳಿಗ್ಗೆ ಕೇಬಲ್ ಕೀಳುವುದನ್ನೇ ಮರೆತು ಕಾರು ಹೊರಡಿಸಿದ್ದ.

"ನೋಡಿದ್ರಾ?" ವೇಸಾ ಮೂಗು ಮುರಿದ. "ಇಂಥವರ ಲೈಸೆನ್ಸ್ ಕಿತ್ಕೋಬೇಕು. ತಲೆ ಎಲ್ಲೋ ಇಟ್ಟು ಬಂದಿರ್ತಾರೆ."

"ನೀವು ಯಾವತ್ತೂ ಮರೆತಿಲ್ವಾ?"

"ನಾನಾ?" ಎಂದ, ಅವಳು ಬೈದಳೇನೋ ಎಂಬಂತೆ.

ಅವಳು ತಂದ ಕಾರಿನೊಳಗೆ ಕೂತು ಕೀ ತಿರುಗಿಸಿದ. "ಎಂಜಿನ್ ದೀಪ ಒಂದು ಕ್ಷಣ ಹತ್ತಿ ಆರಬೇಕು. ಇಲ್ಲಿ ಹತ್ತಲೇ ಇಲ್ಲ. ಬಲ್ಬೇ ಕಿತ್ತಿದಾರೆ. ಮಗುಗೆ ಜ್ವರ ಅಂತ ಥರ್ಮಾಮೀಟರ್ ಎಸೆದ ಹಾಗೆ."

"ಅವರು ತುಂಬಾ ಒಳ್ಳೆಯವರ ಥರ ಮಾತಾಡಿದ್ರು."

"ಮಾರೋವಾಗ ಯಾರು ಕೆಟ್ಟದಾಗಿ ಮಾತಾಡ್ತಾರೆ? ಕೇಳಿ. ಕಾರು ನೋಡೋಕೆ ಹೋದಾಗ ಮೊದಲು ಬಾನೆಟ್ ಮುಟ್ಟಿ. ಬೆಚ್ಚಗಿದ್ರೆ, ನೀವು ಬರೋ ಮುಂಚೆ ಕಷ್ಟಪಟ್ಟು ಸ್ಟಾರ್ಟ್ ಮಾಡಿದಾರೆ ಅಂತ ಅರ್ಥ. ಮಾತಾಡದೆ ಮನೆಗೆ ಬನ್ನಿ. ತಣ್ಣಗಿರೋವಾಗ ಹೇಗೆ ಎದ್ದೇಳುತ್ತೆ, ಅದೇ ಅದರ ಗುಣ."

"ಗಂಡಸರಿಗೂ ಈ ಪರೀಕ್ಷೆ ಇದ್ದಿದ್ರೆ ಚೆನ್ನಾಗಿತ್ತು."

ವೇಸಾ ಕೈಯ ಎಣ್ಣೆಯನ್ನು ಒಂದೊಂದೇ ಬೆರಳು ಹಿಡಿದು ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ. ಮೂರನೆಯ ಬೆರಳಿಗೆ ಕೈ ನಿಂತಿತು. ತಲೆಯೆತ್ತಿ ಅವಳನ್ನು ನೋಡಿದ. ಬೂದು ಕಣ್ಣು, ಎಡಹುಬ್ಬಿನ ಮೇಲೆ ಮಸಿಯ ಒಂದು ಗೆರೆ. ಆ ಮಸಿ ಒರೆಸಬೇಕೆನಿಸಿತು ಐಲಾಗೆ. ಎಂಥ ಅಸಹ್ಯದ ಯೋಚನೆ ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡು, ಎಯ್ನೋ ಅಜ್ಜನ ವಿಷಯ, ಸೋಮವಾರದ ವಿಷಯ ಎಲ್ಲ ಹೇಳಿಬಿಟ್ಟಳು. ಅವನು ಬಟ್ಟೆ ಪಕ್ಕಕ್ಕಿಟ್ಟು ಕೇಳಿಸಿಕೊಂಡ.

ಸಂಜೆ ರೈಲಿ ನಕ್ಕಳು. "ಪೆದ್ದಿ! ಬೇಕಂತಲೇ ಫೇಲ್ ಮಾಡ್ತಿದಾನೆ ಕಣೇ. ನೀನು ಮತ್ತೆ ಮತ್ತೆ ಬರ್ಲಿ ಅಂತ."

"ಆ ಸಿಡುಕನಾ? ಸುಮ್ನಿರು ಅಕ್ಕಾ."

ಆದರೆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಅದು ನಿಜವಾದರೆ ಇವನೂ ಮತ್ತೊಬ್ಬ ಯುಕ್ಕಾ. ತನ್ನ ಸುಖಕ್ಕೆ ಅವಳ ಬೆಳಗುಗಳನ್ನು ಹಾಳುಮಾಡುವವನು.

ಗುರುವಾರ ಅವಳೇ ಹುಡುಕಿ, ಅವಳೇ ಮುಟ್ಟಿ ನೋಡಿ ಮೂರನೆಯ ಕಾರು ಆರಿಸಿದಳು. ಹತ್ತೊಂಬತ್ತು ವರ್ಷದ ಜಪಾನಿ ಕಾರು, ಪಾತ್ರೆ ತೊಳೆದ ನೀರಿನ ಬಣ್ಣ. ಅಂಚೆ ಕಚೇರಿಯಿಂದ ನಿವೃತ್ತಳಾದ ಹೆಂಗಸೊಬ್ಬಳು ಇಟ್ಟುಕೊಂಡಿದ್ದುದು. ಆಯಿಲ್ ಬದಲಿಸಿದ ಪ್ರತಿ ತಾರೀಕನ್ನೂ ಆಕೆ ಪುಸ್ತಕದಲ್ಲಿ ದುಂಡಗೆ ಬರೆದಿದ್ದಳು. ಬಾನೆಟ್ ಮಂಜುಗಡ್ಡೆಯಂತಿತ್ತು. ಕೀ ತಿರುಗಿಸಿದ ಕೂಡಲೇ ಎಂಜಿನ್ ಗೊಣಗದೆ ಎದ್ದಿತು. ಕಾರು ಒಳ್ಳೆಯದೆಂದು ಅವಳಿಗೆ ಖಚಿತವಾಯಿತು. ಇನ್ನು ಪರೀಕ್ಷೆ ಕಾರಿಗಲ್ಲ, ಅವನಿಗೆ.

ಶುಕ್ರವಾರ ವೇಸಾ ಕಾರನ್ನು ಮೇಲೆತ್ತಿಸಿ ಕೆಳಗೆ ಹೋದ. ಚುಚ್ಚಿದ, ತಟ್ಟಿದ, ಚಕ್ರ ಅಲುಗಿಸಿದ. ಟಾರ್ಚ್ ಹಿಡಿದು ಮತ್ತೆ ಮೊದಲಿನಿಂದ ಶುರುಮಾಡಿದ. ಐಲಾ ಗೋಡೆಗೊರಗಿ, ತುಟಿ ಕಚ್ಚಿ, ಅವನ ಸುಳ್ಳಿಗಾಗಿ ಕಾದಳು. ನಲವತ್ತು ನಿಮಿಷವಾಯಿತು.

ಕೆಟ್ಟ ಸುದ್ದಿ ತಂದವನ ಮುಖ ಹೊತ್ತು ಅವನು ಹೊರಬಂದ.

"ಹೇಳಿ," ಅಂದಳು.

"ಏನೂ ಇಲ್ಲ."

"ಏನೂ?"

"ಹಿಂದಿನ ವೈಪರ್ ಸ್ವಲ್ಪ ಗೊಣಗುತ್ತೆ. ಅದು ದೋಷ ಅಲ್ಲ, ವಯಸ್ಸು. ಕೊಂಡ್ಕೊಳ್ಳಿ." ಕಾಗದದ ಮೇಲೆ ಮುದ್ರೆ ಒತ್ತಿದ. "ಇನ್ನೊಂದು ವರ್ಷ ನಿಮಗೆ ಇಲ್ಲಿ ಕೆಲಸ ಇಲ್ಲ."

ಅವಳು ನಿಂತೇ ಇದ್ದಳು. ಅವನು ಮುಂದಿನ ಕಾರಿನತ್ತ ತಿರುಗಿದ. ದಾರಿಯುದ್ದಕ್ಕೂ ಐಲಾ ಸ್ಟೇರಿಂಗ್‌ಗೆ ಬೈಯುತ್ತ ಮನೆಗೆ ಬಂದಳು. ಕೊನೆಗೂ ಒಂದು ಒಳ್ಳೆಯ ಕಾರು ಸಿಕ್ಕಿತ್ತು, ಅಳು ಬರುತ್ತಿತ್ತು. ಇಂಥ ಮೂರ್ಖತನಕ್ಕೆ ಏನೆನ್ನಬೇಕು?

ಶನಿವಾರ ಮಧ್ಯಾಹ್ನ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿನ ಚಳಿ. ಅಡುಗೆಮನೆಯಲ್ಲಿ ಒವನ್ ಬಿಸಿಯಾಗಿತ್ತು. ಕಿಟಕಿಯಾಚೆ ಒಂದು ಕಾರು ಬಂದು ನಿಂತಿತು. ವೇಸಾ ಇಳಿದ, ತಲೆ ಬಾಚಿದ್ದ, ಹುಬ್ಬಿನ ಮಸಿ ಇರಲಿಲ್ಲ. ಕೈಯಲ್ಲಿ ಹೂವಿನಂತೆ ನೆಟ್ಟಗೆ ಹಿಡಿದ ಒಂದು ಹೊಸ ವೈಪರ್.

ಐಲಾ ಬಾಗಿಲು ತೆರೆದಳು. ಅವನನ್ನು ನೋಡಿದಳು, ಅವನ ಕಾರನ್ನು ನೋಡಿದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ನಗತೊಡಗಿದಳು.

"ಏನು?"

"ನಿಮ್ಮ ಕಾರಿನ ಮೂತೀಲಿ ಏನೋ ನೇತಾಡ್ತಿದೆ."

ಅವನು ತಿರುಗಿದ. ಕಿತ್ತಳೆ ಬಣ್ಣದ ಕೇಬಲ್, ಒಂದೂವರೆ ಮೀಟರ್, ಹಿಮದ ಮೇಲೆ ಬಾಲದಂತೆ ಬಿದ್ದಿತ್ತು. ಅದರ ತುದಿಗೆ ಅವನ ಮನೆಯ ಕರೆಂಟು ಕಂಬದ ಡಬ್ಬಿಯ ಮುಚ್ಚಳವೂ ಕಿತ್ತುಕೊಂಡು ಬಂದಿತ್ತು. ಶನಿವಾರದ ಸಂತೆಯ ನಡುವೆ, ಇಡೀ ಊರಿನ ಎದುರು, ಅದನ್ನು ಎಳೆದುಕೊಂಡು ಬಂದಿದ್ದ. ಅವನ ಕಿವಿ ಕೆಂಪಾಯಿತು, ಆಮೇಲೆ ಕತ್ತು.

"ಲೈಸೆನ್ಸ್ ಕೊಡಿ ಇಲ್ಲಿ," ಅಂದಳು ಐಲಾ ಕೈ ಚಾಚಿ. "ತಲೆ ಎಲ್ಲಿಟ್ಟಿದ್ರಿ?"

"ಇಲ್ಲೇ," ಅಂದ ವೇಸಾ. "ಮಂಗಳವಾರದಿಂದ."

ಅವಳ ನಗು ನಿಂತಿತು.

"ನಿನ್ನೆ ನಲವತ್ತು ನಿಮಿಷ ಹುಡುಕಿದೆ. ಒಂದು ಸಣ್ಣ ತೂತು ಸಿಕ್ಕಿದ್ರೂ ನೀವು ಮತ್ತೆ ಬರ್ತಿದ್ರಿ."

"ಇಲ್ಲದ್ದನ್ನ ಇದೆ ಅಂತ ಬರೀಬಹುದಿತ್ತಲ್ಲ. ಯಾರು ಕೇಳ್ತಿದ್ರು?"

"ಸೋಮವಾರ ಎಯ್ನೋ ತೋಳು ಚಾಚಿ ಕೂತಿರ್ತಾರಲ್ಲ."

ಐಲಾ ಅವನ ಕೈಯಿಂದ ವೈಪರ್ ತೆಗೆದುಕೊಂಡಳು. ಅವನ ಬೆರಳುಗಳು ಆ ಚಳಿಯಲ್ಲೂ ಬೆಚ್ಚಗಿದ್ದವು.

"ಬೆಚ್ಚಗಿದ್ರೆ ನಂಬಬೇಡಿ ಅಂದಿದ್ರಿ."

"ಅದು ಕಾರಿಗೆ," ಅಂದ ಅವನು ಗಾಬರಿಯಿಂದ.

"ಪೆದ್ದ. ಒಳಗೆ ಬಾ. ಬಾಗಿಲು ಹಾಕು, ಚಳಿ." ಅವಳು ಅಡುಗೆಮನೆಯತ್ತ ತಿರುಗಿದಳು. "ಒವನ್‌ನಲ್ಲಿ ಕೇಕ್ ಇದೆ. ಸ್ಕ್ರೂಡ್ರೈವರ್ ತಂದಿದೀಯಾ?"