ಮೂರು ಟನಲ್, ಒಂದು ರಾಜೀನಾಮೆ

"ಆ ಸ್ವಿಚ್ ಮುಟ್ಟಿದ್ರೆ ಕೈ ಇರಲ್ಲ ಸಾರ್!"

ಮ್ಯಾನೇಜರ್ ಪ್ರಸನ್ನನ ಬೆರಳು ಸ್ವಿಚ್ಚಿನಿಂದ ಅರ್ಧ ಇಂಚು ದೂರದಲ್ಲಿ ನಿಂತಿತು. ನನ್ನ ಕೈಯಲ್ಲಿ ಪಿಸ್ತೂಲು ಇರಲಿಲ್ಲ. ನೀಲಿ ಬಣ್ಣದ ಕನ್ಸೋಲ್ ಕೇಬಲ್ ಇತ್ತು. ಅದರ ಒಂದು ತುದಿ ನನ್ನ ಲ್ಯಾಪ್‌ಟಾಪಿಗೆ, ಇನ್ನೊಂದು ಫೈರ್‌ವಾಲ್ ಡಬ್ಬಿಗೆ.

"ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗತ್ತೆ ರೀ ದೇವರಾಜ್..."

"ಲಾಗೂ ಅಳಿಸಿಹೋಗತ್ತೆ. ಕೈ ತೆಗೀರಿ."

ತೆಗೆದ. ಹಣೆ ತುಂಬ ಬೆವರು. ಎಸಿ ಹದಿನೆಂಟರಲ್ಲಿತ್ತು!

ನನ್ನ ಕಸುಬು ಗೊತ್ತಲ್ಲ ನಿಮಗೆ? ಹಟ ಹಿಡಿದ ಫೈರ್‌ವಾಲ್‌ಗಳ ಬಾಯಿ ಬಿಡಿಸುವುದು. ಆಫೀಸಿನ ಇಂಟರ್ನೆಟ್ಟಿನ ಬಾಗಿಲಲ್ಲಿ ಕೂತ ವಾಚ್‌ಮನ್ ಅದು. ಯಾರನ್ನು ಬಿಟ್ಟೆ, ಯಾರನ್ನು ತಡೆದೆ, ಎಲ್ಲ ಲಾಗ್ ಅನ್ನುವ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಕೇಳುವ ಹಾಗೆ ಕೇಳಬೇಕು ಅಷ್ಟೆ.

ಜಯನಗರ ಒಂಬತ್ತನೇ ಬ್ಲಾಕಿನ ಈ ಸ್ಕ್ಯಾನಿಂಗ್ ಸೆಂಟರಿಗೆ ಇಟ್ಟಮಡು, ಹುಳಿಮಾವು, ತಲಘಟ್ಟಪುರದಲ್ಲಿ ಬ್ರಾಂಚುಗಳು. ಅಲ್ಲಿಂದ ರಿಪೋರ್ಟ್ ಬರಲು ಮೂರು ಗುಪ್ತ ದಾರಿ. ನಾವು ಟನಲ್ ಅನ್ನುತ್ತೇವೆ. ಈ ಹೊಸ ಫೈರ್‌ವಾಲ್ ಡಬ್ಬಿಯನ್ನು ನಿನ್ನೆ ಕೂರಿಸಿದ್ದರು. ಬೆಳಿಗ್ಗೆ ನೋಡಿದರೆ ಮೂರೂ ಟನಲ್ ಬಂದ್!

ಮಾಲೀಕರು ಅನಂತರಾಮು. ಅವರ ತನಿಖೆ ಆಗಲೇ ಮುಗಿದಿತ್ತು. ಅಪರಾಧಿ ಇಂದ್ರಾಣಿ. ಹನ್ನೊಂದು ವರ್ಷದಿಂದ ರಿಸೆಪ್ಷನ್‌ನಲ್ಲಿದ್ದವಳು. ಯಾರದೋ ನಾಮಕರಣದ ಇನ್ವಿಟೇಷನ್ ಕಂಪ್ಯೂಟರಿನಲ್ಲಿ ತೆರೆದಳಂತೆ. ಅದರೊಳಗಿಂದ ಫಾರಿನ್ ಹ್ಯಾಕರ್ ಬಂದನಂತೆ. ರಾಜೀನಾಮೆ ಪತ್ರ ಟೈಪ್ ಆಗಿ ಮೇಜಿನ ಮೇಲೆ ಕಾಯುತ್ತಿತ್ತು. ಹನ್ನೆರಡಕ್ಕೆ ಸಹಿ.

ಗಂಟೆ ಹನ್ನೊಂದೂವರೆ...

"ನಾನೇನೂ ಮಾಡಿಲ್ಲ ಅಣ್ಣ," ಅಂದಳು ಇಂದ್ರಾಣಿ. "ಮಗಳನ್ನ ಈಗ ತಾನೇ ಕಾಲೇಜಿಗೆ ಸೇರ್ಸಿದೀನಿ. ಈ ಟೈಮಲ್ಲಿ ಕೆಲಸ ಹೋದ್ರೆ..."

ಕೀಬೋರ್ಡಿಗೆ ಕೈ ಹಾಕಿದೆ.

ಮೊದಲು ಕೇಬಲ್‌ಗಳನ್ನು ವಿಚಾರಿಸಿದೆ. ಎಲ್ಲ ಸರಿ. ಆಮೇಲೆ ಪಿಂಗ್ ಮಾಡಿ ಇಟ್ಟಮಡು ಬ್ರಾಂಚನ್ನು ಕರೆದೆ. ತಕ್ಷಣ ಓಗೊಟ್ಟಿತು. ಅಂದರೆ ದಾರಿ ತೆರೆದೇ ಇದೆ. ವಾಚ್‌ಮನ್ನೇ ಬಿಡುತ್ತಿಲ್ಲ!

ಯಾಕೋ ಬಿಡಲ್ಲ? ಟನಲ್‌ನ ಲಾಗ್ ತೆಗೆಸಿದೆ. ಬಾಯಿ ಬಿಟ್ಟ.

"ಬ್ರಾಂಚಿನ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ."

ಸರ್ಟಿಫಿಕೇಟ್ ಅಂದರೆ ಬ್ರಾಂಚಿನ ಗುರುತಿನ ಚೀಟಿ. ನಿನ್ನೆಯೇ ಮಾಡಿಸಿದ್ದು. ಇವನ ಲೆಕ್ಕದಲ್ಲಿ ಅದಿನ್ನೂ ಹುಟ್ಟೇ ಇಲ್ಲವಂತೆ! ತಲೆಯಲ್ಲಿ ಏನೋ ಹೊಳೆಯಿತು. ಟೈಪ್ ಮಾಡಿದೆ: ಶೋ ಕ್ಲಾಕ್.

ಜೂನ್ ಹನ್ನೆರಡು.

ಮೊಬೈಲ್ ನೋಡಿಕೊಂಡೆ. ಜುಲೈ ಎಂಟು.

ಡಬ್ಬಿ ಇಪ್ಪತ್ತಾರು ದಿನ ಹಿಂದಿತ್ತು! ಗಡಿಯಾರ ಮುಟ್ಟಿದವರು ಯಾರು? ಇನ್ನೊಂದು ಕಮಾಂಡ್. ಒಂದೇ ಒಂದು ಸಾಲು ಬಂತು. ನಿನ್ನೆ ಕೂರಿಸಿದ ಮೇಲೆ ದಿನಾಂಕ ಬದಲಾಗಿತ್ತು. ಬದಲಾಯಿಸಿದವರ ಹೆಸರು: ಪ್ರಸನ್ನ.

ತಿರುಗಿದೆ. ಆಸಾಮಿ ನಾಪತ್ತೆ! ಮೆಟ್ಟಿಲ ಮೇಲೆ ಬೂಟಿನ ಸದ್ದು. ಕೆಳಗೆ ಯುಪಿಎಸ್ ರೂಮ್, ಇಡೀ ಆಫೀಸಿನ ಕರೆಂಟು ಅಲ್ಲಿಂದಲೇ...

ಓಡಿದೆ. ಮೂರು ಮೆಟ್ಟಿಲಿಗೊಂದು ಹೆಜ್ಜೆ. ಸ್ಕ್ಯಾನಿಗೆಂದು ಎರಡು ಲೀಟರ್ ನೀರು ಕುಡಿದು ಕೂತಿದ್ದ ಅಂಕಲ್ ಒಬ್ಬರು ಅಡ್ಡ ಬಂದರು.

"ಇನ್ನೂ ಎಷ್ಟೊತ್ತಪ್ಪಾ? ನನ್ ಕೈಲಿ ತಡ್ಕೊಳಕ್ಕೆ ಆಗ್ತಿಲ್ಲ!"

"ನನ್ ಕೈಲೂ ಆಗ್ತಿಲ್ಲ ಅಂಕಲ್, ಜರುಗಿ!"

ಬೇಸ್‌ಮೆಂಟ್ ತಲುಪಿದೆ. ತಡವಾಗಿತ್ತು. ಪ್ರಸನ್ನ ಹ್ಯಾಂಡಲ್ ಎಳೆದೇಬಿಟ್ಟ. ಧಡ್! ಕತ್ತಲು.

"ಈಗ ಪ್ರೂಫ್ ಎಲ್ಲಿದೆ ತೋರ್ಸಿ!" ಅಂತ ನಕ್ಕ.

"ನನ್ ಲ್ಯಾಪ್‌ಟಾಪಲ್ಲಿ. ಸ್ಕ್ರೀನ್ ಮೇಲೆ ಬಂದಿದ್ದೆಲ್ಲ ಅಲ್ಲೇ ಸೇವ್ ಆಗತ್ತೆ. ಅದಕ್ಕೆ ಬ್ಯಾಟರಿ ಇದೆ."

"ಮತ್ತೆ... ಯಾಕೆ ಓಡಿ ಬಂದ್ರಿ?"

"ಅಭ್ಯಾಸ."

ಪ್ರಸನ್ನ ಹ್ಯಾಂಡಲ್ ಬಿಟ್ಟು ಕೈ ಮುಗಿದ. "ನಂದೇನಿಲ್ಲ ಗುರುವೇ! ಅನಂತರಾಮು ಸಾರೇ ಹೇಳಿ ಮಾಡಿಸಿದ್ದು. ಆಷಾಢದಲ್ಲಿ ಹೊಸ ಮೆಷೀನ್ ಶುರು ಮಾಡ್ಬಾರ್ದು, ಡೇಟ್ ಹಿಂದಕ್ಕೆ ಹಾಕು ಅಂದ್ರು. ಹಾಕ್ದೆ!"

ಯುಪಿಎಸ್ ಆನ್ ಮಾಡಿಸಿ, ಕಾಲರ್ ಹಿಡಿದು ಮಾಲೀಕರ ಕ್ಯಾಬಿನ್ನಿಗೆ ಕರೆತಂದೆ. ಇಂದ್ರಾಣಿಯ ಕೈಗೆ ಆಗಲೇ ಪೆನ್ನು ಕೊಟ್ಟಿದ್ದರು. ಲ್ಯಾಪ್‌ಟಾಪ್ ತಂದು ಆ ಪತ್ರದ ಮೇಲೇ ಇಟ್ಟೆ. ಅನಂತರಾಮು ಓದಿದರು. ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಓದಿದರು.

"ನಮ್ಮನೇಲಿ ಆಷಾಢದಲ್ಲಿ ಹೊಸದೇನೂ ಶುರು ಮಾಡಲ್ಲ ರೀ. ಜೂನಲ್ಲೇ ಶುರುವಾಯ್ತು ಅಂತ ಅದರೊಳಗೆ ಇದ್ರೆ ಒಂದ್ ಸಮಾಧಾನ..."

"ಆಷಾಢದಲ್ಲಿ ಕೆಲಸದಿಂದ ತೆಗೀಬಹುದಾ ಸಾರ್?" ಅಂದಳು ಇಂದ್ರಾಣಿ.

ಆಹಾ! ಆ ಒಂದು ಮಾತಿಗೆ ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಅನಂತರಾಮು ಮೆಲ್ಲಗೆ ಪತ್ರ ಎಳೆದುಕೊಂಡು ನಾಲ್ಕು ಚೂರು ಮಾಡಿದರು.

ಎಲ್ಲರೂ ಫೈರ್‌ವಾಲ್ ಹತ್ತಿರ ಬಂದೆವು. ನೀಲಿ ಕೇಬಲ್ ಮತ್ತೆ ಚುಚ್ಚಿ, ಸರಿಯಾದ ದಿನಾಂಕ ಟೈಪ್ ಮಾಡಿ ಲ್ಯಾಪ್‌ಟಾಪನ್ನು ಇಂದ್ರಾಣಿಯ ಕಡೆ ತಿರುಗಿಸಿದೆ. "ಎಂಟರ್ ನೀವೇ ಒತ್ತಿ ಅಕ್ಕ."

ಒತ್ತಿದಳು. ಇಟ್ಟಮಡು ಬಂತು... ಹುಳಿಮಾವು... ತಲಘಟ್ಟಪುರ! ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ರಿಸೆಪ್ಷನ್‌ಗೆ ಹೊರಟಳು.

ಅನಂತರಾಮು ದನಿ ತಗ್ಗಿಸಿದರು. "ಪಾರ್ಟ್‌ನರ್ಸ್‌ಗೆ ರಿಪೋರ್ಟ್ ಕೊಡ್ಬೇಕು ದೇವರಾಜ್. ದಯವಿಟ್ಟು ನನ್ ಹೆಸರು ಬರೀಬೇಡಿ."

"ಛೇ, ಎಲ್ಲಾದ್ರೂ ಉಂಟಾ ಸಾರ್!"

ಕೊಟ್ಟ ಮಾತಿಗೆ ತಪ್ಪಲಿಲ್ಲ. ಎರಡೇ ಸಾಲು ಬರೆದು ಸಹಿ ಹಾಕಿದೆ. ಹೊರಗಿನಿಂದ ಯಾವ ದಾಳಿಯೂ ನಡೆದಿಲ್ಲ. ಒಳಗೆ ಬಳಸಿದ ಆಯುಧ: ಒಂದು ಪಂಚಾಂಗ.