ಮೂರನೇ ನಿಶಾನೆ ದಾಟಿದ ಮೇಲೆ

ನಕ್ಷೆ ಕೆರೆಯ ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು. ದೋಣಿಯಲ್ಲಿದ್ದವನು ಹುಟ್ಟಿನ ತುದಿಯಿಂದ ಎತ್ತಿ ತೋರಿಸಿದ. ದಡದಲ್ಲಿ ಹುಡುಗಿಯ ಕೋಚ್ ಮಾರಿಕಾ ನಿಂತಿದ್ದಳು. ನೀರಿಗಿಳಿದು ಹತ್ತಿರ ಹೋಗಿ ನೋಡಿದಳು.

"ಅವಳದ್ದೇ. ಮೂಲೇಲಿ ಅವಳ ಹೆಸರು ಇದೆ ನೋಡಿ. ಅಯ್ಯೋ, ಅವಳ ಅಮ್ಮನಿಗೆ ನಾನೇನು ಹೇಳ್ಲಿ?"

ಇನ್ಸ್‌ಪೆಕ್ಟರ್ ಗುನ್ವೋರ್ ಹೆಡ್‌ಮಾನ್ ಆ ನಕ್ಷೆಯನ್ನು ಮಡಿಕೆ ಬಿಚ್ಚದೆ ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಕೆರೆಯ ಕಡೆ ನೋಡಲಿಲ್ಲ. ಪೊಲೀಸರು ಕಣ್ಣು ತಪ್ಪಿಸಬಾರದು ಎಂದು ಯಾರು ಹೇಳಿದರೋ, ಅವರು ಸತ್ತ ಮಕ್ಕಳನ್ನು ನೀರಿನಿಂದ ಎತ್ತಿದವರಲ್ಲ. ಗುನ್ವೋರ್ ಎತ್ತಿದ್ದಳು, ಒಮ್ಮೆ. ಇನ್ನೊಮ್ಮೆ ಎತ್ತುವ ಧೈರ್ಯ ಅವಳಲ್ಲಿರಲಿಲ್ಲ.

ಕಳೆದುಹೋದವಳು ತ್ರೀನು. ಎಸ್ಟೋನಿಯಾದ ಹದಿನೇಳರ ಹುಡುಗಿ. ಸ್ವೀಡನ್ನಿನ ಈ ಗ್ರೂವ್‌ಶೋ ಊರಿಗೆ ಉತ್ತರ ದೇಶಗಳ ಯುವ ಕ್ರೀಡಾಕೂಟವೆಂದು ಬಂದಿಳಿದ ಅಷ್ಟೂ ಮಕ್ಕಳಲ್ಲಿ ಪತ್ರಿಕೆಗಳು ಬೆರಳು ಮಾಡಿ ತೋರಿಸಿದ್ದು ಅವಳನ್ನೇ. ನಕ್ಷೆ ಓಟದಲ್ಲಿ ಇಂಥ ಕಾಲು, ಇಂಥ ತಲೆ ಎರಡೂ ಒಬ್ಬಳಲ್ಲೇ ಇರುವುದು ಅಪರೂಪ ಎಂದು ಬರೆದಿದ್ದವು. ಮೊನ್ನೆ ಕಿರು ಓಟದಲ್ಲಿ ಚಿನ್ನ ಗೆದ್ದಿದ್ದಳು. ಇವತ್ತು ಉದ್ದದ ಓಟ. ಕೈಯಲ್ಲೊಂದು ನಕ್ಷೆ, ಒಂದು ದಿಕ್ಸೂಚಿ, ಎದುರಿಗೆ ಕಾಡು. ಅದರೊಳಗೆ ಅಲ್ಲಲ್ಲಿ ಕಿತ್ತಳೆ-ಬಿಳಿ ಬಟ್ಟೆಯ ನಿಶಾನೆಗಳು, ಪ್ರತಿಯೊಂದರ ಬಳಿ ಬಂದವರ ಗುರುತು ದಾಖಲಿಸುವ ಪುಟ್ಟ ಪೆಟ್ಟಿಗೆ. ಒಂದು, ಎರಡು, ಮೂರು ಎಂದು ಕ್ರಮವಾಗಿ ಎಲ್ಲವನ್ನೂ ಮುಟ್ಟಿ ಬೇಗ ಬಂದವರು ಗೆಲ್ಲುತ್ತಾರೆ. ದಾರಿ ಯಾವುದೆಂದು ಯಾರೂ ಹೇಳಿಕೊಡುವುದಿಲ್ಲ. ಬೆಳಿಗ್ಗೆ ಸುರಿಯುವ ಮಳೆಯಲ್ಲೇ ಒಬ್ಬೊಬ್ಬರಾಗಿ ಹೊರಟರು. ಮಳೆ ನಿಂತಿತು, ಎಲ್ಲರೂ ಬಂದರು. ತ್ರೀನು ಬರಲಿಲ್ಲ.

"ಏಳನೇ ನಿಶಾನೆ ಇಲ್ಲೇ, ಕೆರೆ ಪಕ್ಕ," ಎಂದ ಹೋಕನ್. ಓಟದ ದಾರಿ ಯೋಜಿಸಿದವನು ಅವನೇ. ಸಂಘಟಕರ ಹಳದಿ ಅಂಗಿ, ನರೆತ ಗಡ್ಡ, ಊರಿಗೆಲ್ಲ ಬೇಕಾದ ಮನುಷ್ಯ. "ಎಂಟನೇದರ ಹತ್ತಿರ ನಮ್ಮವರೊಬ್ಬರು ಕೂತಿದ್ರು. ಅವಳು ಅಲ್ಲಿಗೆ ಬಂದೇ ಇಲ್ಲ. ಸುತ್ತಿ ಬರೋ ಬದಲು ಈಜಿದ್ರೆ ಸಮಯ ಉಳಿಯುತ್ತೆ ನೋಡಿ. ಹುಡುಗು ಬುದ್ಧಿ. ನೀರು ಕೊರೀತಾ ಇದೆ."

"ನಿಶಾನೆ ಪೆಟ್ಟಿಗೆಗಳಲ್ಲಿ ಯಾರ್ಯಾರು ಬಂದ್ರು ಅಂತ ದಾಖಲಾಗುತ್ತಲ್ವಾ?"

"ಆಗುತ್ತೆ. ಕಾಡಿಂದ ತಂದು ಓದಿಸ್ಬೇಕು. ನಾನೇ ತರ್ತೀನಿ, ಮೊದಲು ಮಗು ಸಿಗ್ಲಿ." ಅವನು ಮಾರಿಕಾಳ ಹೆಗಲಿಗೆ ಕಂಬಳಿ ಹೊದಿಸಿ, ಬಿಸಿ ಕಾಫಿಯ ಲೋಟ ಕೈಗಿಟ್ಟ. "ಕುಡಿಯಮ್ಮಾ. ಎದೆಗುಂದಬೇಡ."

ಪೊಲೀಸ್ ನಾಯಿ ದಡದುದ್ದಕ್ಕೂ ಮೂಸಿ ನೋಡಿತು. ಏನೂ ಸಿಗದೆ ಕೂತುಬಿಟ್ಟಿತು. ಮಳೆ ವಾಸನೆಯನ್ನೆಲ್ಲ ತೊಳೆದಿದೆ ಎಂದರು. ಗುನ್ವೋರ್ ಕೂಡ ಹೌದೆಂದುಕೊಂಡಳು.

* * *

ಮಕ್ಕಳ ಬಿಡಾರದಲ್ಲಿ ಆಗಲೇ ಗಾಳಿಸುದ್ದಿ ಹಬ್ಬಿತ್ತು. ಕಾಡಲ್ಲಿ ಯಾರೋ ಹೊಂಚು ಹಾಕಿದ್ದಾನಂತೆ. ಹುಡುಗಿಯರನ್ನು ಎಳೆದುಕೊಂಡು ಹೋಗುತ್ತಾನಂತೆ. ಈಜು ತಂಡದ ಹುಡುಗಿಯರು ಕೋಣೆಯ ಬಾಗಿಲಿಗೆ ಮಂಚ ಒತ್ತರಿಸಿ ಕೂತಿದ್ದರು. ಒಬ್ಬ ತಂದೆ ಮಗನನ್ನು ಕಾರಿಗೆ ತುಂಬಿ ಮನೆಗೇ ಹೊರಟುಬಿಟ್ಟಿದ್ದ.

ಪೇದೆ ರಾಗ್ನರ್ ಬೇರೆಯದೇ ಸುದ್ದಿ ತಂದ. "ಟೂವಾ ಅಂತ ನಮ್ಮ ದೇಶದ ಹುಡುಗಿ. ಇವತ್ತು ಚಿನ್ನ ಅವಳಿಗೇ. ತ್ರೀನು ಹಿಂದೆಯೇ ಹೊರಟವಳು. ನಿನ್ನೆ ಊಟದ ಮನೇಲಿ ಇಬ್ಬರಿಗೂ ಜಗಳ ಆಗಿದೆ. 'ಕಾಡಲ್ಲೇ ಕಳೆದುಹೋಗು' ಅಂತ ಬೈದಿದ್ಲಂತೆ."

ಮಕ್ಕಳು ಮಕ್ಕಳನ್ನೇ ಕೊಲ್ಲುತ್ತಾರೆಂದು ನಂಬಲು ಗುನ್ವೋರ್‌ಗೆ ಇಷ್ಟವಿರಲಿಲ್ಲ. ಆದರೂ ಕರೆಸಿದಳು.

ಟೂವಾಳ ಕೊರಳಲ್ಲಿ ಪದಕವಿರಲಿಲ್ಲ. ಜೇಬಿನಲ್ಲಿ ಹಾಕಿ ಮುಷ್ಟಿಯಲ್ಲಿ ಹಿಡಿದಿದ್ದಳು.

"ತ್ರೀನುನ ಕಾಡಲ್ಲಿ ಎಲ್ಲಾದ್ರೂ ನೋಡಿದ್ಯಾ ಪುಟ್ಟಿ?"

"ಇಲ್ಲ."

"ಏನಾದ್ರೂ ಕೇಳಿಸ್ತಾ?"

"ಇಲ್ಲ ಅಂದ್ನಲ್ಲ! ಮಳೆ ಸದ್ದಲ್ಲಿ ಏನು ಕೇಳುತ್ತೆ?" ಹುಡುಗಿಯ ತುಟಿ ಬಿಳಿಚಿಕೊಂಡಿತ್ತು. "ಜಗಳ ಆಡಿದ್ದು ನಿಜ. ನನ್ನನ್ನ ಆಮೆ ಅಂದ್ಲು. ಅದಕ್ಕೆ ಬೈದೆ. ಅಷ್ಟಕ್ಕೆ ಕೆರೆಗೆ ತಳ್ಳಿದೆ ಅಂತೀರಾ?"

ಹೊರಗೆ ಬಂದ ಮೇಲೆ ರಾಗ್ನರ್ ಪಿಸುಗುಟ್ಟಿದ. "ಸುಳ್ಳು ಹೇಳ್ತಿದ್ದಾಳೆ."

"ಹೇಳ್ತಿದ್ದಾಳೆ. ಯಾವುದರ ಬಗ್ಗೆ ಅನ್ನೋದು ಗೊತ್ತಾಗ್ತಿಲ್ಲ." ಗುನ್ವೋರ್ ಚೀಲದಲ್ಲಿದ್ದ ನಕ್ಷೆಯನ್ನು ಅವನ ಕೈಗೆ ಕೊಟ್ಟಳು. "ಇದನ್ನ ಜೋಪಾನವಾಗಿಟ್ಟಿರಿ. ನಾನು ಆ ಹುಡುಗಿ ಓಡಿದ ದಾರೀಲಿ ಒಂದ್ಸಲ ನಡೆದು ಬರ್ತೀನಿ."

* * *

ಹೋಕನ್ ಕೊಟ್ಟ ಇನ್ನೊಂದು ನಕ್ಷೆ ಹಿಡಿದು ಅವಳು ಒಬ್ಬಳೇ ಕಾಡು ಹೊಕ್ಕಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಜನರ ಸದ್ದು ನಿಂತುಹೋಯಿತು. ಕಬ್ಬಿಣ ಅಗೆದ ನೆಲವದು. ಅಜ್ಜಂದಿರು ಅಗೆದು ಬಿಟ್ಟುಹೋದ ಗಣಿ ಗುಂಡಿಗಳು ಈಗಲೂ ಬಾಯಿ ತೆರೆದುಕೊಂಡೇ ಇವೆ. ಮೊದಲ ನಿಶಾನೆಗೆ ಮುಂಚೆಯೇ ಒಂದು ಸಿಕ್ಕಿತು. ಸುತ್ತ ಹಳದಿ-ನೀಲಿ ಟೇಪು ಕಟ್ಟಿದ್ದರು. ಮಳೆಗೆ ನೆನೆದು ಜೋತುಬಿದ್ದು, ಮೈತುಂಬ ಕೆಸರು, ಪೈನ್ ಮರದ ಸೂಜಿ ಎಲೆಗಳನ್ನು ಅಂಟಿಸಿಕೊಂಡಿತ್ತು. ಒಳಗಿಂದ ಬಂದ ತಣ್ಣನೆ ಗಾಳಿಗೆ ಅವಳ ಮೈ ಜುಮ್ಮೆಂದಿತು. ಇಂಥ ಗುಂಡಿಗಳ ತಳದಲ್ಲಿ ನಡುಬೇಸಿಗೆಯಲ್ಲೂ ಮಂಜುಗಡ್ಡೆ ಕರಗುವುದಿಲ್ಲ.

ಮೊದಲ ನಿಶಾನೆ ದಾಟಿದಳು. ಎರಡನೆಯದನ್ನೂ ದಾಟಿದಳು. ಮೂರನೆಯದನ್ನು ಮುಟ್ಟಿ, ಮುಂದೆಲ್ಲಿಗೆ ಎಂದು ಕೈ ನೋಡಿಕೊಂಡಳು.

ಅಷ್ಟೇ. ಅಲ್ಲೇ ನಿಂತುಬಿಟ್ಟಳು.

ಅವಳ ಕೈ ತಾನಾಗಿಯೇ ನಕ್ಷೆಯನ್ನು ಸಣ್ಣಗೆ ಮಡಿಸಿತ್ತು. ಮೂರರಿಂದ ನಾಲ್ಕಕ್ಕೆ ಹೋಗುವ ತುಂಡು ಮಾತ್ರ ಮೇಲಿತ್ತು, ಹೆಬ್ಬೆರಳು ತಾನು ನಿಂತ ಜಾಗದ ಮೇಲಿತ್ತು. ಈ ದೇಶದ ಶಾಲೆಗಳಲ್ಲಿ ಇದನ್ನು ಕಲಿಯದ ಮಕ್ಕಳೇ ಇಲ್ಲ. ಓಡುವಾಗ ಇಡೀ ನಕ್ಷೆ ಹರಡಿಕೊಂಡು ಹುಡುಕುತ್ತ ಕೂರಲು ಸಮಯವೆಲ್ಲಿ? ಒಂದು ನಿಶಾನೆ ಮುಟ್ಟಿದ ಕೂಡಲೇ ಮಡಿಕೆ ಬದಲಾಗುತ್ತದೆ. ಉಸಿರಾಡಿದಷ್ಟೇ ಸಹಜವಾಗಿ.

ಫೋನ್ ತೆಗೆದಳು. "ರಾಗ್ನರ್! ಆ ಚೀಲ ಬಿಚ್ಚಿದ್ರಾ?"

"ಮುಟ್ಟೇ ಇಲ್ಲ ಕಣ್ರೀ."

"ನಕ್ಷೆ ಮಡಿಕೇಲಿ ಮೇಲ್ಗಡೆ ಯಾವ ನಿಶಾನೆ ಕಾಣುತ್ತೆ?"

"ಮೂರು. ಆಮೇಲೆ ನಾಲ್ಕು."

"ಏಳು?"

"ಏಳೆಲ್ಲಿ? ಒಳಗಡೆ ಮಡಚಿಹೋಗಿದೆ. ಯಾಕೆ?"

ತ್ರೀನು ಏಳನೇ ನಿಶಾನೆಯ ಹತ್ತಿರ ಹೋಗಿಯೇ ಇರಲಿಲ್ಲ. ನಾಲ್ಕನ್ನೂ ಮುಟ್ಟಿರಲಿಲ್ಲ. ನಕ್ಷೆ ತಾನಾಗಿ ನಡೆದುಕೊಂಡು ಕೆರೆಗೆ ಹೋಗಲಿಲ್ಲ. ಇಡೀ ಊರು ನೀರು ಜಾಲಾಡುತ್ತಿರಲಿ ಎಂದೇ ಯಾರೋ ಒಯ್ದು ಹಾಕಿದ್ದರು. ಆ ಯಾರೋ ಇನ್ನೂ ಇದೇ ಕಾಡಿನಲ್ಲಿರಬಹುದು. ಗುನ್ವೋರ್ ಬೆನ್ನನ್ನು ಮರಕ್ಕೆ ಒತ್ತಿ ನಿಂತು ಸುತ್ತ ನೋಡಿದಳು.

"ಟೂವಾ ಕೈಗೆ ಫೋನ್ ಕೊಡಿ. ಬೇಗ."

ಹುಡುಗಿಯ ಉಸಿರು ಕೇಳಿಸಿತು.

"ನೋಡು ಮಗಳೇ. ನಾನೀಗ ಮೂರನೇ ನಿಶಾನೆ ಹತ್ತಿರ ನಿಂತಿದ್ದೀನಿ. ತ್ರೀನು ಬದುಕಿರಬಹುದು. ನಿನಗೆ ಇಲ್ಲಿ ಏನು ಕೇಳಿಸ್ತು?"

ಅತ್ತ ಕಡೆ ಅಳು ಒಡೆಯಿತು. "ಸೀಟಿ. ಬಿಟ್ಟು ಬಿಟ್ಟು ಊದ್ತಾ ಇತ್ತು. ಎಡಗಡೆ, ಬಂಡೆಗಳ ಕಡೆಯಿಂದ. ಅಪಾಯದ ಸೀಟಿ ಅಂತ ಗೊತ್ತಾಯ್ತು. ನಿಲ್ಲಬೇಕಿತ್ತು. ಯಾರೇ ಆದ್ರೂ ನಿಲ್ಲಲೇಬೇಕು. ನಾನು... ಹಕ್ಕಿ ಇರಬೇಕು ಅಂತ ನನಗೆ ನಾನೇ ಹೇಳ್ಕೊಂಡು ಓಡಿದೆ. ನಂಗೆ ಪದಕ ಬೇಡ. ಯಾರಿಗೂ ಮುಖ ತೋರ್ಸಕ್ಕಾಗಲ್ಲ."

"ಈಗ ಹೇಳಿದ್ಯಲ್ಲ. ಸದ್ಯಕ್ಕೆ ಅಷ್ಟು ಸಾಕು."

ಗುನ್ವೋರ್ ಎಡಕ್ಕೆ ಓಡಿದಳು.

* * *

ಬಂಡೆಗಳ ಸಂದಿಯಲ್ಲಿ ಕಪ್ಪು ಬಾಯಿಯ ಗುಂಡಿ. ಮೂರರಿಂದ ನಾಲ್ಕಕ್ಕೆ ನೇರ ಗೆರೆ ಎಳೆದರೆ ಅದರ ಅಂಚಿಗೇ ಬರಬೇಕು. ಸುತ್ತ ಹಳದಿ-ನೀಲಿ ಟೇಪು ಬಿಗಿಯಾಗಿ ಕಟ್ಟಿತ್ತು. ಅವಳು ಬೆರಳಿನಿಂದ ಸವರಿ ನೋಡಿದಳು. ಒಣಗಿತ್ತು. ಕೆಸರಿಲ್ಲ, ಒಂದು ಸೂಜಿ ಎಲೆಯೂ ಇಲ್ಲ. ಅಂಗಡಿಯಿಂದ ಈಗಷ್ಟೇ ತಂದಂತಿತ್ತು.

"ತ್ರೀನು!"

ಸದ್ದಿಲ್ಲ. ಟಾರ್ಚ್ ಬಿಟ್ಟಳು. ತೀರಾ ಕೆಳಗೆ, ಕೊಳಕು ಮಂಜಿನ ಮೇಲೆ, ನೀಲಿ ಬಟ್ಟೆಯ ಮುದ್ದೆ. ಅಲುಗಾಡಲಿಲ್ಲ.

ರಾಗ್ನರ್‌ಗೆ ಫೋನ್ ಮಾಡಿದಳು. "ಹಗ್ಗ, ಡಾಕ್ಟರು, ಎಲ್ಲ ಬೇಕು. ಹೋಕನ್‌ನೂ ಕರ್ಕೊಂಡು ಬನ್ನಿ. ಯಾಕೆ ಅಂತ ಮಾತ್ರ ಹೇಳ್ಬೇಡಿ."

ಅಗ್ನಿಶಾಮಕದವರು ಬಂದು ಹಗ್ಗ ಬಿಟ್ಟರು, ಇಬ್ಬರು ಇಳಿದರು. ಮಾರಿಕಾ ಅಂಚಿನಲ್ಲಿ ಮಂಡಿಯೂರಿ ತನ್ನ ಭಾಷೆಯಲ್ಲಿ ಏನೇನೋ ಗೊಣಗುತ್ತಿದ್ದಳು. ಹೋಕನ್ ಒಂದು ಮರದ ಪಕ್ಕ ದೂರವೇ ನಿಂತ.

ಗುನ್ವೋರ್ ಅವನ ಬಳಿ ಹೋದಳು. "ಈ ಟೇಪು ಯಾವಾಗ ಕಟ್ಟಿದ್ದು ಹೋಕನ್?"

"ಗುರುವಾರ. ಎಲ್ಲ ಗುಂಡಿಗೂ ಒಂದೇ ದಿನ ಕಟ್ಟಿದ್ದೀನಿ, ನನ್ನ ಕೈಯಾರೆ. ಯಾರನ್ನ ಬೇಕಾದ್ರೂ ಕೇಳಿ."

"ಮೊದಲನೇ ಗುಂಡಿ ಟೇಪು ನೆನೆದು ತೊಪ್ಪೆಯಾಗಿದೆ, ಮೈತುಂಬ ಕಸ. ಇದು ಒಣಗಿದೆ. ಬೆಳಿಗ್ಗೆ ಸುರಿದ ಮಳೆ ಈ ಗುಂಡಿ ಮೇಲೆ ಮಾತ್ರ ಬೀಳಲಿಲ್ವಾ?"

ಅವನ ಕೈ ತಟ್ಟನೆ ಅಂಗಿಯ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೆಯೇ. ರಾಗ್ನರ್ ಆ ಜೇಬಿಗೆ ಕೈ ಹಾಕಿ ಟೇಪಿನ ಸುರುಳಿ ಹೊರಗೆಳೆದ.

"ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ," ಎಂದಳು ಗುನ್ವೋರ್. ಅವಳಿಗೆ ಕೋಪಕ್ಕಿಂತ ಹೇಸಿಗೆಯಾಗಿತ್ತು. "ಈ ಗುಂಡಿಗೆ ನೀವು ಟೇಪೇ ಕಟ್ಟಿರಲಿಲ್ಲ. ಮರೆತ್ರೋ, ಸೋಮಾರಿತನವೋ, ನೀವೇ ಹೇಳ್ಬೇಕು. ಅವಳು ಮಳೇಲಿ ನೇರ ಬಂದ್ಲು, ಬಿದ್ಲು, ಸೀಟಿ ಊದಿದ್ಲು. ನೀವು ಬಂದು ನೋಡಿದ್ರಿ. ಅವಳ ಕೈಯಿಂದ ಜಾರಿದ ನಕ್ಷೆ ಅಂಚಲ್ಲೇ ಬಿದ್ದಿತ್ತು. ಮಳೆ ನಿಂತ ಮೇಲೆ ಟೇಪು ಕಟ್ಟಿದ್ರಿ, ನಕ್ಷೇನ ಕೆರೆಗೆ ಹಾಕಿದ್ರಿ. ಹಳದಿ ಅಂಗಿ ಹಾಕ್ಕೊಂಡು ಕಾಡಲ್ಲಿ ಎತ್ತ ಓಡಾಡಿದ್ರೂ ನಿಮ್ಮನ್ನ ಕೇಳೋರಿಲ್ಲ. ನಾಯಿಗೆ ಕೆರೆ ದಡದಲ್ಲಿ ವಾಸನೆ ಸಿಗಲಿಲ್ಲ, ಯಾಕಂದ್ರೆ ಅವಳು ಅಲ್ಲಿಗೆ ಕಾಲಿಟ್ಟೇ ಇರಲಿಲ್ಲ. ಪೆಟ್ಟಿಗೆಗಳನ್ನ ನಾನೇ ತರ್ತೀನಿ ಅಂದಿದ್ದೂ ಅದಕ್ಕೇ. ಅವು ಬಂದಿದ್ರೆ ಅವಳು ಮೂರು ದಾಟಿಲ್ಲ ಅಂತ ಆಗಲೇ ಗೊತ್ತಾಗೋದು. ಗಾಬರೀಲಿ ಒಂದನ್ನ ಮರೆತ್ರಿ. ನಕ್ಷೆ ಮಡಿಕೆ ಬದಲಾಯಿಸಲಿಲ್ಲ."

ಹೋಕನ್ ನೆಲ ನೋಡಿದ.

"ಗುರುವಾರ ಸಂಜೆ ಕತ್ತಲಾಯ್ತು, ಈ ಕಡೆ ಯಾರು ಬರ್ತಾರೆ ಅಂದ್ಕೊಂಡು ಬಿಟ್ಟೆ. ತಪ್ಪಾಯ್ತು. ಬಗ್ಗಿ ನೋಡ್ದಾಗ ಅವಳು ಅಲುಗಾಡ್ಲಿಲ್ಲ. ಸತ್ತುಹೋಗಿದ್ದಾಳೆ ಅಂದ್ಕೊಂಡೆ. ದೇವರಾಣೆ, ಸತ್ತಿದ್ದಾಳೆ ಅಂತಲೇ ಅಂದ್ಕೊಂಡೆ. ಇನ್ನು ಹೇಳಿ ಏನು ಪ್ರಯೋಜನ? ಕೂಟ ನಿಲ್ಲುತ್ತೆ, ನಾನು ಜೈಲಿಗೆ ಹೋಗ್ತೀನಿ. ಬದುಕಿದ್ದಾಳೆ ಅಂತ ಗೊತ್ತಿದ್ರೆ ನಾನು ಹಾಗೆ ಮಾಡ್ತಿದ್ನಾ ಗುನ್ವೋರ್? ನನಗೂ ಮೊಮ್ಮಕ್ಕಳಿದ್ದಾರೆ."

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಮುಖ ತಿರುಗಿಸಿಕೊಂಡರು. ಪಾಪ ಎನ್ನಿಸಿತೇನೋ. ಗುನ್ವೋರ್‌ಗೂ ಅರೆಗಳಿಗೆ ಹಾಗೆ ಅನ್ನಿಸಿತು.

"ಉಸಿರಿದೆ!" ಗುಂಡಿಯಿಂದ ಕೂಗು ಬಂತು. "ಬದುಕಿದ್ದಾಳೆ! ಎಳೀರಿ, ನಿಧಾನ!"

ಮಾರಿಕಾಳ ಬಾಯಿಂದ ಹೊರಟ ಸದ್ದು ಅಳುವೋ ನಗುವೋ ತಿಳಿಯಲಿಲ್ಲ. ಸ್ಟ್ರೆಚರ್ ಮೇಲೆ ಬಂತು. ಕಾಲು ಮುರಿದಿತ್ತು, ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಡಾಕ್ಟರು ಕಂಬಳಿಯ ಮೇಲೆ ಕಂಬಳಿ ಹೊದಿಸಿದರು. ಬಹಳ ಹೊತ್ತಿನ ಮೇಲೆ ಹುಡುಗಿ ಕಣ್ಣು ಬಿಟ್ಟಳು. ಮಾರಿಕಾ ಅವಳ ಕೆನ್ನೆಗೆ ಕೆನ್ನೆ ಒತ್ತಿ ಕೂತಿದ್ದಳು.

"ಬಂದ್ವಿ ಕಣೇ ಬಂಗಾರ. ಬಂದ್ಬಿಟ್ವಿ. ತಡ ಆಯ್ತು, ನಮ್ಮನ್ನ ಕ್ಷಮಿಸು."

ತ್ರೀನು ಕಣ್ಣು ಸುತ್ತ ಹೊರಳಿಸಿದಳು. ಮರದ ಪಕ್ಕದ ಹಳದಿ ಅಂಗಿಯ ಮೇಲೆ ನೋಟ ನಿಂತಿತು. ಅವಳ ಮುಖ ಅರಳಿತು.

"ಅವರೇ," ಎಂದಳು, ದನಿಯೇ ಇಲ್ಲದ ದನಿಯಲ್ಲಿ. "ಅವರೇ ಮೊದಲು ನನ್ನ ನೋಡಿದ್ದು. ಮೇಲಿಂದ ಬಗ್ಗಿ ನೋಡಿದ್ರು. ನಾನು ಕೈ ಎತ್ತಿದೆ. ಅವರೂ ಕೈ ಎತ್ತಿದ್ರು. ಸಹಾಯ ಕರ್ಕೊಂಡು ಬರ್ತಾರೆ ಅಂತ ಗೊತ್ತಾಯ್ತು. ಅದಕ್ಕೇ ಸೀಟಿ ಊದೋದು ನಿಲ್ಲಿಸಿ ಸುಮ್ನೆ ಕಾದೆ. ಥ್ಯಾಂಕ್ಸ್ ಅಂತ ಹೇಳು ಅವರಿಗೆ."

ಯಾರೂ ಹೇಳಲಿಲ್ಲ. ರಾಗ್ನರ್ ಹೋಕನ್‌ನ ಕೈಗಳನ್ನು ಹಿಂದಕ್ಕೆ ತಿರುಗಿಸಿ ಬೇಡಿ ಹಾಕಿದ. ಹುಡುಗಿಗೆ ಕಾಣಬಾರದೆಂದು ಗುನ್ವೋರ್ ನಡುವೆ ಅಡ್ಡ ನಿಂತುಕೊಂಡಳು.