ಅಮ್ಮನ ಬಲಭುಜ

ನಾನು ಹೆಚ್ಚು ಓದಿದವಳಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ. ಅಮ್ಮನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ, ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ, ಒಳಗೇ ಬಲೆಯಂಥ ತೇಪೆ ಹಾಕಿದ್ದರು. ಆದರೆ ಅಮ್ಮ ನರಳಿದ್ದು ಹೊಟ್ಟೆನೋವಿಗಲ್ಲ.

"ಯಾರೋ ಬಲಭುಜ ಹಿಡ್ಕೊಂಡಿದಾರೆ ಕಣೇ, ಬಿಡ್ಸೇ."

"ಅದು ಉಳಿದಿರೋ ಗ್ಯಾಸ್ ಅಮ್ಮಾ, ಎಲ್ರಿಗೂ ಭುಜಕ್ಕೆ ಏರುತ್ತೆ. ದೆವ್ವ ಬಂದ್ರೂ ನಮ್ಮಲ್ಲಿ ಬೆಡ್ ಖಾಲಿ ಇಲ್ಲ!" ಎಂದು ನರ್ಸಕ್ಕ ನಕ್ಕು ಹೋದರು.

ನನಗೆ ನಗು ಬರಲಿಲ್ಲ. ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೇ ಬಿದ್ದಿದ್ದರೂ ಆ ಭುಜ ಮಾತ್ರ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ನಾನು ಎಷ್ಟು ಸಲ ಸರಿಪಡಿಸಿದರೂ ಹೊದಿಕೆ ಅಲ್ಲಿ ಬೆರಳೊತ್ತಿದಂತೆ ತಗ್ಗುತ್ತಿತ್ತು. ಅಮ್ಮ ಕೊಸರಾಡತೊಡಗಿದಳು. ಒಳಗಿನ ಹೊಲಿಗೆ ಎಲ್ಲಿ ಬಿಟ್ಟೀತೋ ಎಂದು ಹೆದರಿದೆ. ಹೊಸಬರೆದುರು ತುಟಿ ಬಿಚ್ಚದ ನಾನು ಮಂಚದ ಪಕ್ಕದ ಖಾಲಿ ಜಾಗಕ್ಕೆ ಮೆಲ್ಲಗೆ ಹೇಳಿದೆ:

"ಅಮ್ಮನ್ನ ಬಿಟ್ಬಿಡಿ. ಬೇಕಿದ್ರೆ ನನ್ನ ಹಿಡ್ಕೊಳ್ಳಿ."

ಹೊದಿಕೆ ಸಮನಾಯಿತು. ಅಮ್ಮನಿಗೆ ನಿದ್ದೆ ಹತ್ತಿತು.

ಈಗ ಅಮ್ಮ ಮನೆತುಂಬ ಓಡಾಡಿಕೊಂಡಿದ್ದಾಳೆ. ಒಲೆಯ ಮುಂದೆ ಕೂತರೂ ನನ್ನ ಬಲಭುಜ ಬೆಚ್ಚಗಾಗುವುದಿಲ್ಲ. ನನ್ನ ಹೊಟ್ಟೆಗೆ ಯಾರೂ ಗ್ಯಾಸ್ ತುಂಬಿಲ್ಲ.